ಕಾಯಿಲ್ ಕಪ್ಪಾದಾಗ

"ಮಗಾ, ವೇಪ್ ಎಳೆದ್ರೆ ಸುಟ್ಟ ವಾಸನೆ. ತೊಳೆದ್ರೆ ಸರಿಹೋಗುತ್ತಾ?" ಲಂಡನ್‌ನಿಂದ ಗೆಳೆಯನ ವಿಡಿಯೋ ಕಾಲ್. ಅಲ್ಲಿ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಷೇಧ. ಹಾಗಾಗಿ ಮತ್ತೆ ಮತ್ತೆ ತುಂಬಿಸುವಂಥದ್ದು ತಗೊಂಡಿದ್ದಾನೆ. ನಮ್ಮಲ್ಲಂತೂ 2019ರಿಂದಲೇ ಇ-ಸಿಗರೇಟ್ ಮಾರುವಂತಿಲ್ಲ.

ಟ್ಯಾಂಕ್ ಬಿಚ್ಚಿ ಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಆದರೆ ಕಾಯಿಲ್‌ನೊಳಗಿನ ಹತ್ತಿ ಸುಟ್ಟರೆ ಮುಗೀತು, ಬದಲಾಯಿಸಲೇಬೇಕು. ಹೊಸದಕ್ಕೆ ದ್ರವ ಹೀರಿಕೊಳ್ಳಲು 5-10 ನಿಮಿಷ ಬಿಡಬೇಕು. ಹತ್ತಿ ಒಣಗಿದ್ದಾಗ ಕಾಯಿಲ್ ವಿಪರೀತ ಕಾದರೆ ಫಾರ್ಮಾಲ್ಡಿಹೈಡ್‌ನಂಥ ವಿಷ ಹುಟ್ಟುತ್ತೆ.

ಅವನು ಹಳೇ ಕಾಯಿಲ್ ಕ್ಯಾಮೆರಾಗೆ ಹಿಡಿದ. ಫ್ಲೇವರ್‌ನ ಸಿಹಿ ಸುಟ್ಟು ಡಾಂಬರಿನಂತೆ ಅಂಟಿತ್ತು.

"ಇದಕ್ಕೆ ಸ್ಪೇರ್ ಸಿಗುತ್ತೆ ಕಣೋ. ಶ್ವಾಸಕೋಶಕ್ಕೆ?" ಅಂದೆ.

ಅವನು ಮಾತಾಡಲಿಲ್ಲ.