ಬೀರುವಿನಲ್ಲಿ ಏನಿದೆ, ಫೋನಿನಲ್ಲಿ ಏನಿದೆ? ಹೈಸ್ಕೂಲ್ ಲೈಬ್ರರಿ ಬಳಸೋದು ಹೀಗೆ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇವತ್ತಿನ ಮಾತು ಹೈಸ್ಕೂಲ್‌ನಲ್ಲಿ ಓದ್ತಿರೋರಿಗೆ, ಜೊತೆಗೆ ಮನೆಯಲ್ಲಿ ಹೈಸ್ಕೂಲಿಗೆ ಹೋಗೋ ತಮ್ಮನೋ ತಂಗಿಯೋ ಇರೋರಿಗೆ. ವಿಷಯ, ಸ್ಕೂಲ್ ಲೈಬ್ರರಿ.

"ಎಲ್ಲಾ ಫೋನಲ್ಲೇ ಸಿಗುತ್ತಲ್ಲ, ಲೈಬ್ರರಿ ಯಾಕೆ?" ಅಂತ ತುಂಬಾ ಜನ ಕೇಳ್ತಾರೆ. ಎಲ್ಲಾ ಸಿಗಲ್ಲ. ಯಾವುದು ಸಿಗುತ್ತೆ, ಯಾವುದು ಸಿಗಲ್ಲ, ಯಾಕೆ ಅಂತ ಗೊತ್ತಾದ್ರೆ ಎರಡನ್ನೂ ಸರಿಯಾಗಿ ಬಳಸ್ಕೊಬಹುದು.

60 ವರ್ಷದ ಲೆಕ್ಕ

ನಮ್ಮ ದೇಶದ ಕಾಪಿರೈಟ್ ಕಾನೂನಿನ ಪ್ರಕಾರ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಪುಸ್ತಕದ ಹಕ್ಕು ಅವರ ವಾರಸುದಾರರಿಗೆ ಇರುತ್ತೆ. ಆಮೇಲೆ ಅದು ಎಲ್ಲರದ್ದು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಹಾಗಾಗಿ ಅವರು ಬರೆದದ್ದನ್ನ ಯಾರು ಬೇಕಾದ್ರೂ ಆನ್‌ಲೈನ್‌ನಲ್ಲಿ ಹಾಕಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಪುಸ್ತಕಗಳ ಹಕ್ಕು 2054ರ ಕೊನೆಯವರೆಗೂ ಇದೆ.

ಅಂದ್ರೆ ಕುವೆಂಪು, ಕಾರಂತ, ತೇಜಸ್ವಿ ಅವರ ಪುಸ್ತಕಗಳನ್ನ ದುಡ್ಡು ಕೊಡದೆ ನೇರ ದಾರಿಯಲ್ಲಿ ಓದ್ಬೇಕು ಅಂದ್ರೆ ನಿಮಗೆ ಲೈಬ್ರರಿಯೇ ಗತಿ. ಗ್ರೂಪ್‌ಗಳಲ್ಲಿ ಓಡಾಡೋ ಪಿಡಿಎಫ್‌ಗಳಲ್ಲಿ ಪುಟ ಬಿಟ್ಟಿರುತ್ತೆ, ಅಕ್ಷರ ಮಸುಕಾಗಿರುತ್ತೆ. ಬೀರುವಿನಲ್ಲಿರೋ ಪುಸ್ತಕಕ್ಕೆ ಆ ತೊಂದರೆ ಕಡಿಮೆ.

ಬೀಗ ಯಾಕೆ?

ಎಷ್ಟೋ ಸರ್ಕಾರಿ ಹೈಸ್ಕೂಲ್‌ಗಳಲ್ಲಿ ಪ್ರತ್ಯೇಕ ಲೈಬ್ರರಿಯನ್ ಇರಲ್ಲ. ಯಾರೋ ಒಬ್ಬ ಮೇಷ್ಟ್ರು ಅಥವಾ ಮೇಡಂ ತಮ್ಮ ಪಾಠದ ಜೊತೆಗೆ ಲೈಬ್ರರಿನೂ ನೋಡ್ಕೊತಾರೆ. ಪುಸ್ತಕ ಕಳೆದ್ರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಲೆಕ್ಕ ತಪ್ಪುತ್ತೆ, ಉತ್ತರ ಹೇಳ್ಬೇಕಾದವರು ಅವರೇ. ಬೀಗ ಬೀಳೋದು ಬಹಳ ಸಲ ಈ ಭಯಕ್ಕೆ.

ಪುಸ್ತಕ ಓಡಾಡಿದ್ರೆ ಒಂದಿಷ್ಟು ಕಳೆಯೋದು ಸಹಜ ಅಂತ ಸರ್ಕಾರವೇ ಒಪ್ಪಿದೆ. ಕೇಂದ್ರದ 2017ರ ಹಣಕಾಸು ನಿಯಮಗಳ ಪ್ರಕಾರ, ವರ್ಷಕ್ಕೆ 1,000 ಪುಸ್ತಕ ಎರವಲು ಕೊಟ್ಟಾಗ 5 ಕಳೆದ್ರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ರೆ, ಅದನ್ನ ಸಹಜ ನಷ್ಟ ಅಂತ ಪರಿಗಣಿಸಬಹುದು. ಇದು ಕೇಂದ್ರ ಸರ್ಕಾರದ ಸಂಸ್ಥೆಗಳ ನಿಯಮ, ನಿಜ. ಆದ್ರೆ ಅದರ ಹಿಂದಿನ ಯೋಚನೆ ಎಲ್ಲಾ ಲೈಬ್ರರಿಗೂ ಹೊಂದುತ್ತೆ. ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ರು. ಮೊದಲನೆಯದೇ ಪುಸ್ತಕ ಇರೋದು ಬಳಕೆಗೆ ಅನ್ನೋದು.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಲೈಬ್ರರಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶ ಇದೆ. ಯಾವ ಪುಸ್ತಕ ಬೇಕು ಅಂತ ನೀವು ಹೇಳದಿದ್ರೆ ತರೋರಿಗೆ ಹೇಗೆ ಗೊತ್ತಾಗ್ಬೇಕು?

ಕೇಳೋದು ಹೇಗೆ?

"ಲೈಬ್ರರಿ ತೆಗೀರಿ" ಅಂದ್ರೆ ಕೆಲಸ ಆಗೋದು ಕಷ್ಟ. ಹೀಗೆ ಕೇಳಿ ನೋಡಿ: "ಮೇಡಂ, ಶನಿವಾರ ಕೊನೇ ಪೀರಿಯಡ್‌ನಲ್ಲಿ ನಾವಿಬ್ಬರು ಇಶ್ಯೂ ರಿಜಿಸ್ಟರ್ ಬರೀತೀವಿ, ಪುಸ್ತಕ ವಾಪಸ್ ಬಂತಾ ಅಂತಲೂ ನಾವೇ ನೋಡ್ಕೊತೀವಿ." ರಿಜಿಸ್ಟರ್‌ನಲ್ಲಿ ಇಷ್ಟಿದ್ರೆ ಸಾಕು: ಪುಸ್ತಕದ ಮೇಲಿರೋ ನಂಬರ್, ಹೆಸರು, ತಗೊಂಡವರು, ತರಗತಿ, ಕೊಟ್ಟ ದಿನ, ವಾಪಸ್ ಬಂದ ದಿನ, ಸಹಿ. ಅವರ ಅರ್ಧ ಹೊರೆ ಇಳಿಯುತ್ತೆ, ಬೀಗದ ಕೈ ಹೊರಗೆ ಬರುತ್ತೆ.

ಕೆಲವು ಲೈಬ್ರರಿಗಳಲ್ಲಿ ಪುಸ್ತಕದ ಬೆನ್ನ ಮೇಲೆ ಇನ್ನೊಂದು ಸಂಖ್ಯೆ ಇರುತ್ತೆ. ಅದು ಡ್ಯೂಯಿ ಪದ್ಧತಿ. 500ರಿಂದ ವಿಜ್ಞಾನ, 800ರಿಂದ ಸಾಹಿತ್ಯ, 900ರಿಂದ ಇತಿಹಾಸ ಮತ್ತು ಭೂಗೋಳ. ಕನ್ನಡ ಸಾಹಿತ್ಯ ಬೇಕಾದ್ರೆ 894.814 ಹುಡುಕಿ.

ಫೋನಲ್ಲಿ ಏನು ಓದಬಹುದು?

ದೀಕ್ಷಾ: ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್‌ನ ಈ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದ್ರೆ ಆ ಪಾಠಕ್ಕೆ ಸೇರಿದ ವಿಡಿಯೋ, ಅಭ್ಯಾಸ ಬರುತ್ತೆ. ವೈಫೈ ಇದ್ದಾಗ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ಲದಾಗಲೂ ನೋಡಬಹುದು.

ಸ್ಟೋರಿವೀವರ್: ಪ್ರಥಮ್ ಬುಕ್ಸ್‌ನವರ ಉಚಿತ ಕಥಾ ಭಂಡಾರ, 2015ರಿಂದ ಇದೆ. ಕಥೆಗಳು ಚಿಕ್ಕ ಮಕ್ಕಳದ್ದು ಅಂತ ಬಿಟ್ಬಿಡಬೇಡಿ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಇಂಗ್ಲಿಷ್ ಭಯ ಇರೋರಿಗೆ ಇದು ಒಳ್ಳೆ ದಾರಿ.

ಕನ್ನಡ ವಿಕಿಸೋರ್ಸ್: ವಚನ, ದಾಸರ ಪದ, ಹಳೆಯ ಕಾವ್ಯ ಇಲ್ಲಿವೆ. ಪಠ್ಯದಲ್ಲಿ ಕೃಷ್ಣ ಕರ್ಣನ ಹತ್ರ ಮಾತಾಡೋ ಕುಮಾರವ್ಯಾಸನ ಪದ್ಯಗಳು ಬಂದ್ರೆ, ಅದರ ಹಿಂದೆ ಏನಾಯ್ತು, ಮುಂದೆ ಏನಾಯ್ತು ಅಂತ ಹುಡುಕಿ ಓದಿ. ಗೈಡ್‌ನಲ್ಲಿ ಅದು ಇರಲ್ಲ.

ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಐಐಟಿ ಖರಗ್‌ಪುರ ನಡೆಸೋದು. ಇಲ್ಲಿ ಹುಡುಕಿದ್ದೆಲ್ಲ ಪೂರ್ತಿ ತೆರೆಯಲ್ಲ, ಕೆಲವಕ್ಕೆ ವಿವರ ಮಾತ್ರ ಇರುತ್ತೆ. ಮೊದಲು ತರಗತಿ ಮತ್ತು ಭಾಷೆ ಆರಿಸ್ಕೊಂಡು ಹುಡುಕಿ.

ಫೋನ್ ಇಲ್ಲದವರು?

ಮನೆಗೆಲ್ಲ ಒಂದೇ ಫೋನ್, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತೆ. ಅಂಥ ಮನೆಗಳು ಬೇಕಾದಷ್ಟಿವೆ. ಅಂಥವರಿಗೆ ಬೀರುವಿನ ಬೀಗ ತೆಗೆಯದಿದ್ರೆ ಓದೋಕೆ ಉಳಿಯೋದು ಪಠ್ಯ ಮತ್ತು ಗೈಡ್ ಅಷ್ಟೇ. ಹಳ್ಳಿಯಲ್ಲಿದ್ರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ವಿಚಾರಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ.

ಈ ವಾರ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಶಾಲೆಯ ಲೈಬ್ರರಿ ಯಾರ ಸುಪರ್ದಿಯಲ್ಲಿದೆ ಅಂತ ಕೇಳ್ಕೊಂಡು, ಒಂದು ಪುಸ್ತಕ ನಿಮ್ಮ ಹೆಸರಲ್ಲಿ ಬರೆಸಿ ಮನೆಗೆ ತನ್ನಿ. ಓದಿ ಮುಗಿಸಿ, ಹೇಳಿದ ದಿನಕ್ಕೆ ವಾಪಸ್ ಕೊಡಿ. ಎರಡನೇ ಪುಸ್ತಕ ಕೇಳೋದು ಸುಲಭ ಆಗುತ್ತೆ, ನಿಮ್ಮ ಹಿಂದೆ ಕೇಳೋರಿಗೂ ಸುಲಭ ಆಗುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.