ಮಂತ್ರದ ಕತ್ತಿಗೊಂದು ತಕ್ಕಡಿ

ಆ ಕತ್ತಿಯನ್ನು ಆಟದೊಳಗೆ ತಂದದ್ದು ನಾನೇ. ಪಾಳುಕೋಟೆಯ ನೆಲಮಾಳಿಗೆ, ಧೂಳು ಹಿಡಿದ ಪೆಟ್ಟಿಗೆ, ಅದರೊಳಗೆ ನೀಲಿ ಹೊಳಪಿನ +3 ಕತ್ತಿ. ಫೈಟರ್ ಪಾತ್ರ ಆಡುತ್ತಿದ್ದ ಗೆಳತಿ ಅದನ್ನು ಎತ್ತಿಕೊಂಡಾಗ ಮೇಜಿನ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಮೂರು ಭಾನುವಾರ ಕಳೆಯುವುದರೊಳಗೆ ಚಪ್ಪಾಳೆ ನಿಂತಿತು. ಅವಳ ಸರದಿ ಬಂತೆಂದರೆ ಕಾಳಗ ಮುಗಿದಂತೆಯೇ. ಉಳಿದ ಮೂವರ ಸರದಿ ಬಂದರೂ ಬಾರದಿದ್ದರೂ ಒಂದೇ. ಕಳ್ಳನ ಪಾತ್ರದ ಗೆಳೆಯ ಒಂದು ಸಂಜೆ ದಾಳ ಕೈಗೆತ್ತಿಕೊಳ್ಳುವ ಮೊದಲೇ ‘ನಂದು ಬಿಡು, ಅವಳೇ ಹೊಡೀಲಿ’ ಎಂದ. ಆ ಮಾತು ಮನೆಗೆ ಬಂದ ಮೇಲೂ ಕಿವಿಯಲ್ಲೇ ಇತ್ತು. ತಪ್ಪು ನನ್ನದೆಂದು ಗೊತ್ತಿತ್ತು. ಅದು ಎಷ್ಟು ದೊಡ್ಡದೆಂದು ತಿಳಿಯಲು ಕಾಗದ, ಪೆನ್ಸಿಲ್ ಹಿಡಿದು ಕೂತೆ.

ಈ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದದ್ದು. ಒಬ್ಬರು ಡಂಜನ್ ಮಾಸ್ಟರ್ ಆಗಿ ಲೋಕವನ್ನು ಮಾತಿನಲ್ಲಿ ಕಟ್ಟುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಲೋಕದಲ್ಲಿ ಅಲೆಯುತ್ತಾರೆ. ಏನು ಮಾಡಬೇಕೆಂದು ಆಟಗಾರರು ಹೇಳುತ್ತಾರೆ, ಅದು ಫಲಿಸಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹಾಗಾಗಿ ಯಾವ ಮಂತ್ರದ ಕತ್ತಿಯನ್ನು ಕೆದಕಿದರೂ ಒಳಗೆ ಸಿಗುವುದು ಸಂಭವನೀಯತೆಯ ಗಣಿತ.

ಒಂದು ಏಟಿನ ಬೆಲೆ

2014ರ ಐದನೇ ಆವೃತ್ತಿಯ ನಿಯಮಗಳನ್ನೇ ಹಿಡಿದು ಹೊರಡೋಣ. ಮೊದಲ ಹಂತದ ಸಾಮಾನ್ಯ ಫೈಟರ್ ದಾಳ ಉರುಳಿಸಿ, ಬಿದ್ದ ಅಂಕಿಗೆ 5 ಕೂಡಿಸುತ್ತಾಳೆ. ಮೊತ್ತ ಎದುರಾಳಿಯ ರಕ್ಷಣಾ ಅಂಕವನ್ನು ಮುಟ್ಟಿದರೆ ಏಟು ತಗುಲಿತು. ಆಟಗಾರರು ಈ ಅಂಕವನ್ನು ‘ಎಸಿ’ ಎನ್ನುತ್ತಾರೆ. ಎಸಿ 15 ಇರುವ ಶತ್ರುವಿಗೆ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತು ಮುಖಗಳಲ್ಲಿ ಹನ್ನೊಂದು ಅವಳ ಪರ, ಅಂದರೆ ಶೇ. 55. ಏಟು ತಗುಲಿದರೆ ಎಂಟು ಮುಖದ ದಾಳ ಉರುಳಿಸಿ 3 ಕೂಡಿಸಿದಷ್ಟು ಹಾನಿ. ಎಂಟು ಮುಖದ ದಾಳದ ಸರಾಸರಿ 4.5, ಕೂಡಿದರೆ 7.5. ಇಪ್ಪತ್ತೇ ಬಿದ್ದರೆ ಹಾನಿಯ ದಾಳ ಎರಡು ಪಟ್ಟು. ಅದು ಇಪ್ಪತ್ತರಲ್ಲೊಮ್ಮೆ ಮಾತ್ರ ಆಗುವುದರಿಂದ ಸರಾಸರಿಗೆ ಸೇರುವುದು ಬರೀ 0.225.

7.5ರ ಶೇ. 55 ಎಂದರೆ 4.125. ಅದಕ್ಕೆ 0.225 ಸೇರಿಸಿದರೆ 4.35. ಒಮ್ಮೆ ಕತ್ತಿ ಬೀಸಿದ್ದಕ್ಕೆ, ತಗುಲಿದ್ದು ತಪ್ಪಿದ್ದು ಎಲ್ಲ ಸೇರಿ, ದೀರ್ಘಕಾಲದಲ್ಲಿ ಸಿಗುವ ಫಲ ಇದು. ಗಣಿತದಲ್ಲಿ ಇದಕ್ಕೆ ‘ನಿರೀಕ್ಷಿತ ಮೌಲ್ಯ’ ಎಂದು ಹೆಸರು. ಈ ಕಲ್ಪನೆ ಹುಟ್ಟಿದ್ದೂ ಜೂಜಿನ ದಾಳಗಳ ನಡುವೆಯೇ. 1654ರಲ್ಲಿ ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ದ ಫರ್ಮಾ ಪತ್ರಗಳಲ್ಲಿ ಇದರ ಅಡಿಪಾಯ ಹಾಕಿದರು. 1657ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಅದನ್ನು ಅಚ್ಚಿಗೆ ತಂದರು.

ಈಗ +3 ಕತ್ತಿ. ಅದು ಏಟು ತಗುಲುವ ಲೆಕ್ಕಕ್ಕೂ 3 ಸೇರಿಸುತ್ತದೆ, ಹಾನಿಗೂ 3 ಸೇರಿಸುತ್ತದೆ. ಅದೇ ಶತ್ರುವಿಗೆ ಈಗ 7 ಬಿದ್ದರೆ ಸಾಕು, ಶೇ. 55 ಇದ್ದದ್ದು 70 ಆಯಿತು, 7.5 ಇದ್ದದ್ದು 10.5 ಆಯಿತು. ಎರಡನ್ನೂ ಗುಣಿಸಿ ಅದೇ 0.225 ಸೇರಿಸಿದರೆ ಸುಮಾರು 7.58. ಮೂರು ಎಂಬ ಸಣ್ಣ ಅಂಕಿ ಕತ್ತಿಯ ಬಲವನ್ನು ಶೇ. 74ರಷ್ಟು ಏರಿಸಿಬಿಟ್ಟಿತು. ನಾನು ಎಡವಿದ್ದು ಇಲ್ಲೇ. ಕೂಡುವ ಲೆಕ್ಕ ಎಂದುಕೊಂಡಿದ್ದೆ. ಅದು ಗುಣಿಸುವ ಲೆಕ್ಕವಾಗಿತ್ತು.

ಶತ್ರುವಿಗೆ ಗಟ್ಟಿ ಕವಚ ತೊಡಿಸಿದರೆ?

ಇಂಥ ಕತ್ತಿ ಕೈಮೀರಿದಾಗ ಡಂಜನ್ ಮಾಸ್ಟರ್‌ಗೆ ಮೊದಲು ಹೊಳೆಯುವ ಉಪಾಯ ಶತ್ರುಗಳನ್ನು ಬಲಪಡಿಸುವುದು. ನಾನೂ ಅದನ್ನೇ ಮಾಡಿದೆ, ಆಟ ಇನ್ನೂ ಹದಗೆಟ್ಟಿತು. ಯಾಕೆಂದು ಲೆಕ್ಕವೇ ಹೇಳಿತು.

ಓಗರ್ ಎಂಬ ದೈತ್ಯನ ಎಸಿ 11, ಅವನಿಗಿರುವ ಹಿಟ್ ಪಾಯಿಂಟ್, ಅಂದರೆ ಉರುಳುವ ಮೊದಲು ತಾಳಬಲ್ಲ ಹಾನಿ, 59. ಅವನ ಮೇಲೆ ಮಾಮೂಲಿ ಕತ್ತಿಯ ಸರಾಸರಿ ಫಲ 5.85, +3 ಕತ್ತಿಯದು ಸುಮಾರು 9.68. ಅಂದರೆ 1.65 ಪಟ್ಟು. ಎಸಿ 15 ಆದರೆ, ಆಗಲೇ ನೋಡಿದಂತೆ, 1.74 ಪಟ್ಟು. ಎಸಿ 20ಕ್ಕೆ ಏರಿಸಿದರೆ ಮಾಮೂಲಿ ಕತ್ತಿ 2.475ಕ್ಕೆ ಕುಸಿಯುತ್ತದೆ, +3 ಕತ್ತಿ 4.95ರಲ್ಲಿ ನಿಲ್ಲುತ್ತದೆ. ಸರಿಯಾಗಿ ಎರಡು ಪಟ್ಟು!

ಕವಚ ಗಟ್ಟಿಯಾದಷ್ಟೂ ಮಂತ್ರದ ಕತ್ತಿಯೇ ಮುಂದೆ. ಕಾರಣ ಸರಳ. +3 ಕತ್ತಿ ಕೊಡುವುದು ಇಪ್ಪತ್ತರಲ್ಲಿ ಮೂರು ಮುಖಗಳ ಲಾಭ, ಅದು ಎಲ್ಲೆಡೆ ಒಂದೇ. ಹದಿನೈದು ಮುಖ ಇದ್ದವಳಿಗೆ ಮೂರು ಸಿಕ್ಕರೆ ಐದನೇ ಒಂದು ಪಾಲು ಹೆಚ್ಚು. ಆರೇ ಮುಖ ಇದ್ದವಳಿಗೆ ಅದೇ ಮೂರು ಸಿಕ್ಕರೆ ಅರ್ಧದಷ್ಟು ಹೆಚ್ಚು. ಬರದ ವರ್ಷದಲ್ಲಿ ಒಂದು ಕೊಡ ನೀರಿಗೆ ಬರುವ ಬೆಲೆಯ ಹಾಗೆ.

ಉಳಿದ ಮೂವರ ಪಾಡೇನು? ನಾಲ್ವರ ಬಳಿಯೂ ಮಾಮೂಲಿ ಆಯುಧವಿದ್ದು ಬಲವೂ ಸಮವಾಗಿದ್ದರೆ ಒಬ್ಬೊಬ್ಬರ ಪಾಲು ಶೇ. 25. ಒಬ್ಬಳಿಗೆ +3 ಕತ್ತಿ ಬಂದಾಗ ಓಗರ್ ಮೇಲೆ ಅವಳ ಪಾಲು ಶೇ. 35.5, ಉಳಿದವರದು 21.5. ಎಸಿ 20ರ ಶತ್ರುವಿನ ಎದುರು ಅವಳದು ಶೇ. 40, ಉಳಿದವರದು 20. ಕತ್ತಿಗೆ ಕಡಿವಾಣ ಹಾಕಲು ಹೋಗಿ ಕತ್ತಿ ಇಲ್ಲದವರಿಗೆ ದಂಡ ಹಾಕಿದ್ದೆ. ಎಸಿ ಬಿಟ್ಟು ಹಿಟ್ ಪಾಯಿಂಟ್ ಮಾತ್ರ ಹೆಚ್ಚಿಸಿದರೆ ಕಾಳಗ ಉದ್ದವಾಗುತ್ತದೆ, ಪಾಲು ಮಾತ್ರ ಬದಲಾಗುವುದಿಲ್ಲ.

ಅಪರೂಪ ಎಷ್ಟು ಅಪರೂಪ?

ಸರಾಸರಿಯ ಕಣ್ಣಿಗೆ ಬೀಳದ ಆಯುಧಗಳೂ ಇವೆ. ‘ವೋರ್ಪಲ್’ ಕತ್ತಿ ಅಂಥದ್ದು. ಆ ಪದವನ್ನು ಲೂಯಿಸ್ ಕ್ಯಾರಲ್ 1871ರ ‘ಥ್ರೂ ದ ಲುಕಿಂಗ್ ಗ್ಲಾಸ್’ ಪುಸ್ತಕದ ಪದ್ಯವೊಂದರಲ್ಲಿ ಬಳಸಿದ್ದರು. ದಾಳದಲ್ಲಿ 20 ಬಿದ್ದರೆ ಈ ಕತ್ತಿ ಶತ್ರುವಿನ ತಲೆಯನ್ನೇ ಹಾರಿಸುತ್ತದೆ. ಇಪ್ಪತ್ತರಲ್ಲಿ ಒಂದು ತಾನೇ, ಅಪರೂಪ ಎನಿಸುತ್ತದೆ.

ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಶವಲಿಯೇ ದ ಮೇರೆ ಪಾಸ್ಕಲ್ ಮುಂದಿಟ್ಟ ಪ್ರಶ್ನೆಯೂ ಇದೇ ಜಾತಿಯದು: ಎಷ್ಟು ಸಲ ದಾಳ ಹಾಕಿದರೆ ಬೇಕಾದ ಅಂಕಿ ಒಮ್ಮೆಯಾದರೂ ಬೀಳುವ ಸಾಧ್ಯತೆ ಅರ್ಧ ದಾಟುತ್ತದೆ? ಬೀಳದಿರುವ ಸಂಭವವನ್ನು ಮೊದಲು ಹಿಡಿಯುವುದೇ ಇಲ್ಲಿರುವ ಕೀಲಿ. ಒಂದು ಎಸೆತದಲ್ಲಿ 20 ಬೀಳದಿರುವ ಸಂಭವ 0.95. ಅದನ್ನು ಹದಿಮೂರು ಸಲ ಗುಣಿಸಿದರೆ 0.51, ಹದಿನಾಲ್ಕು ಸಲ ಗುಣಿಸಿದರೆ 0.49. ಅಂದರೆ ಹದಿನಾಲ್ಕು ಏಟಿನೊಳಗೆ ತಲೆ ಹಾರುವ ಸಾಧ್ಯತೆಯೇ ಹೆಚ್ಚು. ಇಪ್ಪತ್ತನೇ ಹಂತದ ಫೈಟರ್ ಒಂದು ಸರದಿಯಲ್ಲಿ ನಾಲ್ಕು ಏಟು ಹಾಕಬಲ್ಲಳು. ನಾಲ್ಕೇ ಸರದಿಯಲ್ಲಿ ಹದಿನಾಲ್ಕು ದಾಟುತ್ತದೆ.

ನಿಯಮ ಬರೆದವರು ಇದನ್ನು ಬಲ್ಲವರು. ತಲೆಯ ಅಗತ್ಯವೇ ಇಲ್ಲದ ಜೀವಿಗಳಿಗೆ, ‘ಲೆಜೆಂಡರಿ’ ಎಂಬ ವಿಶೇಷ ಚಲನೆಗಳಿರುವ ಮಹಾಶತ್ರುಗಳಿಗೆ ಶಿರಚ್ಛೇದ ತಟ್ಟುವುದಿಲ್ಲ. ಬದಲಿಗೆ ಎಂಟು ಮುಖದ ಆರು ದಾಳಗಳಷ್ಟು, ಸರಾಸರಿ 27, ಹೆಚ್ಚುವರಿ ಹಾನಿ. ಕತ್ತಿಯ ವೈಭವ ಉಳಿಯಿತು. ತಿಂಗಳುಗಟ್ಟಲೆ ಬೆಳೆಸಿದ ಖಳನಾಯಕ ಒಂದೇ ಎಸೆತಕ್ಕೆ ಉರುಳುವುದು ತಪ್ಪಿತು.

ಬಲಕ್ಕೆ ಬೆಲೆ ಕಟ್ಟುವುದು

ಒಳ್ಳೆಯ ಮಂತ್ರಾಯುಧಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ತತ್ವ ಕಂಡಿತು. ಬಲ ಎಷ್ಟೇ ಇರಲಿ, ಅದನ್ನು ಬಳಸುವ ನಿರ್ಧಾರಕ್ಕೆ ತೂಕವಿದ್ದರೆ ಆಟ ಬದುಕುತ್ತದೆ. ‘ಫ್ಲೇಮ್ ಟಂಗ್’ ಎಂಬ ಉರಿಗತ್ತಿ ಆರು ಮುಖದ ಎರಡು ದಾಳಗಳಷ್ಟು ಬೆಂಕಿಯ ಹಾನಿ ಸೇರಿಸುತ್ತದೆ. ಎಸಿ 15ರ ಶತ್ರುವಿನ ಮೇಲೆ ಸರಾಸರಿ ಫಲವನ್ನು 8.55ಕ್ಕೆ, ಅಂದರೆ ಸುಮಾರು ಎರಡು ಪಟ್ಟಿಗೆ, ಏರಿಸುತ್ತದೆ. ಆದರೆ ಅದನ್ನು ಹೊತ್ತಿಸಲು ಸರದಿಯ ಒಂದು ಭಾಗ ಖರ್ಚು ಮಾಡಿ ಮಂತ್ರಪದ ನುಡಿಯಬೇಕು. ಜೊತೆಗೆ ಕತ್ತಿಯನ್ನು ಪಾತ್ರದೊಡನೆ ಬೆಸೆದುಕೊಳ್ಳಬೇಕು. ಹಾಗೆ ಬೆಸೆದುಕೊಳ್ಳಬಹುದಾದ ವಸ್ತುಗಳು ಒಬ್ಬರಿಗೆ ಮೂರೇ. ನಾಲ್ಕನೆಯದು ಬೇಕೆಂದರೆ ಒಂದನ್ನು ಬಿಡಬೇಕು.

ಲಾರೆನ್ಸ್ ಶಿಕ್ 1979ರ ‘ವೈಟ್ ಪ್ಲೂಮ್ ಮೌಂಟನ್’ ಸಾಹಸದಲ್ಲಿ ತಂದ ‘ಬ್ಲ್ಯಾಕ್‌ರೇಜರ್’ ಇನ್ನೂ ದುಬಾರಿ. ಆತ್ಮಗಳನ್ನು ನುಂಗುವ ಆ ಕರಿಗತ್ತಿಗೆ ತನ್ನದೇ ಮನಸ್ಸಿದೆ, ತೀರದ ಹಸಿವಿದೆ. ಸತ್ತು ಎದ್ದು ನಡೆಯುವ ಪಿಶಾಚಿಗಳ ಮೇಲೆ ಬೀಸಿದರೆ ಗಾಯವಾಗುವುದು ಹಿಡಿದವರಿಗೆ.

ನಮಗೆ ಈ ತತ್ವ ಹೊಸದಲ್ಲ. ಕವಚ ಕುಂಡಲಗಳನ್ನು ಕೊಟ್ಟು ಕರ್ಣ ಪಡೆದ ಶಕ್ತ್ಯಾಯುಧಕ್ಕೆ ಎದುರೇ ಇರಲಿಲ್ಲ. ಆದರೆ ಅದು ಒಂದೇ ಸಲಕ್ಕೆ. ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಮೇಲೆ ಹೋಯಿತು. ಲೆಕ್ಕವಿಲ್ಲದಷ್ಟು ಸಲ ಬಳಸುವ ಹಾಗಿದ್ದರೆ ಆ ರಾತ್ರಿಯ ಯುದ್ಧವನ್ನು ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ಕತ್ತಿಯನ್ನು ಕಸಿದುಕೊಳ್ಳುವುದು ನನಗೆ ಬೇಡವಾಗಿತ್ತು. ಅವಳು ಅದನ್ನು ನ್ಯಾಯವಾಗಿ ಗೆದ್ದಿದ್ದಳು. ಎಲ್ಲರನ್ನೂ ಕೂರಿಸಿಕೊಂಡು ಈ ಲೆಕ್ಕಗಳನ್ನು ತೋರಿಸಿದೆ, ತಪ್ಪು ಒಪ್ಪಿಕೊಂಡೆ. ಅವಳೇ ಮೊದಲು ಒಪ್ಪಿದಳು. ಈಗ ಕತ್ತಿ ಸದಾ +1. ದಿನಕ್ಕೆ ಮೂರು ಏಟಿಗೆ ಮಾತ್ರ ಅದು +3 ಆಗಿ ಏಳುತ್ತದೆ, ಅದೂ ಜೊತೆಗಾರರೊಬ್ಬರು ಅವಳ ಪಕ್ಕದಲ್ಲೇ ನಿಂತಿದ್ದರೆ. ಎಸಿ 15ರ ಶತ್ರುವಿನ ಮೇಲೆ +1 ಕತ್ತಿಯ ಫಲ ಸುಮಾರು 5.33. ದಿನಕ್ಕೆ ಹನ್ನೆರಡು ಏಟು ಬೀಸುತ್ತಾಳೆಂದರೆ ಒಟ್ಟಾರೆ ಸರಾಸರಿ 5.89, ಮಾಮೂಲಿ ಕತ್ತಿಗಿಂತ ಶೇ. 35 ಹೆಚ್ಚು, ಮೊದಲಿದ್ದ 74ರ ಅರ್ಧಕ್ಕಿಂತ ಕಡಿಮೆ.

ಶೇಕಡಾವಾರು ಲೆಕ್ಕ ಕಾಗದದಲ್ಲಿ ಉಳಿಯಿತು. ಮೇಜಿನ ಮೇಲೆ ನಡೆದದ್ದು ಬೇರೆ. ಮುಂದಿನ ಭಾನುವಾರ ಗುಹೆಯ ಬಾಯಲ್ಲಿ ಓಗರ್ ಎದ್ದು ನಿಂತಾಗ ಅವಳು ಕತ್ತಿ ಹಿಡಿದು ತಡೆದಳು. ಮೂರರಲ್ಲಿ ಒಂದೇ ಉಳಿದಿತ್ತು. ಕಳ್ಳನ ಪಾತ್ರದ ಗೆಳೆಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ತನ್ನ ಗೊಂಬೆಯನ್ನು ನಕ್ಷೆಯ ಮೇಲೆ ಅವಳ ಗೊಂಬೆಯ ಪಕ್ಕಕ್ಕೆ ಸರಿಸಿದ. ‘ನಾನು ಬಂದು ನಿಂತಿದೀನಿ. ಈಗ ಎಬ್ಬಿಸು’ ಎಂದ.

ದಾಳ ಉರುಳುವಾಗ ನಾಲ್ವರ ತಲೆಗಳೂ ಮೇಜಿನ ಮೇಲೆ ಬಾಗಿದ್ದವು.