ನಾಯಿಯ ಹುಳುಕಡ್ಡಿಗೆ ಹಳೇ ಆಯಿಲ್ ಬೇಡ

ಕಾವಲು ನಾಯಿಯ ಮೈಯಲ್ಲಿ ಅಲ್ಲಲ್ಲಿ ಕೂದಲು ಉದುರಿದರೆ ಹಳ್ಳಿಯಲ್ಲಿ ಮೊದಲು ಸಿಗುವ ಸಲಹೆ ಇದು: "ಎಂಜಿನ್ನಿನ ಹಳೇ ಆಯಿಲ್ ಹಚ್ಚಿ ಮಾರಾಯ್ರೆ, ಎರಡು ದಿನದಲ್ಲಿ ಗುಣ ಆಗ್ತದೆ."

ಆಗುವುದಿಲ್ಲ. ನಾಯಿ ಮೈ ನೆಕ್ಕುವ ಪ್ರಾಣಿ. ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಆಯಿಲ್, ಸೀಮೆಎಣ್ಣೆ ಎರಡೂ ವಿಷ, ಚರ್ಮವನ್ನೂ ಸುಡುತ್ತವೆ. ಅಡಿಕೆ ತೋಟದವರಿಗೆ ಇನ್ನೊಂದು ಯೋಚನೆ ಬರುವುದುಂಟು. 'ಇದೂ ಶಿಲೀಂಧ್ರವೇ ಅಲ್ವಾ, ಬೋರ್ಡೋ ಮಿಕ್ಕಿದೆಯಲ್ಲ' ಅಂತ. ಬೇಡವೇ ಬೇಡ. ಮೈಲುತುತ್ತು ನಾಯಿಯ ಹೊಟ್ಟೆ ಸೇರಿದರೆ ಅಪಾಯ. (ಹಾಗೆ ನೋಡಿದರೆ ಕೊಳೆರೋಗದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ!)

ಹೆಸರಿನಲ್ಲಿ ಹುಳು ಇದ್ದರೂ ಈ ರೋಗದಲ್ಲಿ ಹುಳು ಇಲ್ಲ. ಚರ್ಮದ ಮೇಲ್ಪದರ, ಕೂದಲು, ಉಗುರು ತಿಂದು ಬದುಕುವ ಶಿಲೀಂಧ್ರ ಇದಕ್ಕೆ ಕಾರಣ. ಕೂದಲು ದುಂಡಗೆ ಉದುರಿ ಹೊಟ್ಟು ಏಳುತ್ತದೆ. ಮುಖ, ಕಿವಿ, ಮುಂಗಾಲಿನಲ್ಲಿ ಹೆಚ್ಚು. ಮರಿಗಳಿಗೆ ಬೇಗ ತಗಲುತ್ತದೆ. ತುರಿಕೆ ಸಾಮಾನ್ಯವಾಗಿ ಕಮ್ಮಿ. ರಾತ್ರಿಯಿಡೀ ಕೆರೆದುಕೊಳ್ಳುತ್ತಾ, ಕಿವಿಯಂಚು, ಮೊಣಕೈ ಒರಟಾಗಿದ್ದರೆ ಅದು ನುಸಿಯಿಂದ ಬರುವ ಕಜ್ಜಿ ಇರಬಹುದು. ಕಜ್ಜಿಯ ಇಂಜೆಕ್ಷನ್ ಹುಳುಕಡ್ಡಿಗೆ ನಾಟುವುದಿಲ್ಲ. ಆದ್ದರಿಂದ ಕಣ್ಣಂದಾಜಿನಲ್ಲಿ ಮದ್ದು ಬೇಡ. ಕಲೆಯ ಅಂಚಿನ ಕೂದಲು, ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಪಶುವೈದ್ಯರನ್ನು ಕೇಳಿ. ವುಡ್ಸ್ ಲ್ಯಾಂಪ್ ಎಂಬ ನೇರಳೆ ದೀಪದಲ್ಲಿ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ ಹಸಿರಾಗಿ ಹೊಳೆಯುತ್ತದೆ, ಅದೂ ಎಲ್ಲ ಸಲ ಅಲ್ಲ. ಮಣ್ಣು ಕೆದಕುವ ನಮ್ಮ ನಾಯಿಗಳಿಗೆ ಮಣ್ಣಿನಿಂದಲೇ ಬರುವ ಜಿಪ್ಸಿಯಮ್ ಜಾತಿಯದು ಹೊಳೆಯುವುದೇ ಇಲ್ಲ. ಹೊಳೆಯಲಿಲ್ಲ ಅಂತ ನಿಶ್ಚಿಂತೆ ಬೇಡ.

ಏಕಿಷ್ಟು ತಲೆಬಿಸಿ? ಇದು ಮನುಷ್ಯರಿಗೂ ಅಂಟುವ ರೋಗ. ಮರಿಯನ್ನು ಎತ್ತಿ ಆಡಿಸುವ ಮಕ್ಕಳ ಮುಂಗೈ, ಕುತ್ತಿಗೆಯಲ್ಲಿ ಉಂಗುರದಂಥ ಕೆಂಪು ಕಲೆ ಎದ್ದರೆ ಅನುಮಾನಿಸಬೇಕು. ಮೆಡಿಕಲಿನಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ಕೆಂಪು ಇಳಿಯುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ನಾಯಿಗೂ ಅಷ್ಟೆ.

ವೈದ್ಯರು ಬರೆದುಕೊಟ್ಟ ಮೈಕೊನಜೋಲ್-ಕ್ಲೋರ್‌ಹೆಕ್ಸಿಡಿನ್ ಶಾಂಪೂವನ್ನು ಸಾಮಾನ್ಯವಾಗಿ ವಾರಕ್ಕೆ ಎರಡು ಸಲ ಹಾಕುತ್ತಾರೆ. ನೊರೆ 10 ನಿಮಿಷ ಮೈಮೇಲೆ ಇರಬೇಕು. ಇದೇ ಕಷ್ಟದ ಕೆಲಸ, ಇಬ್ಬರು ಬೇಕು. ಹಬ್ಬಿದ್ದರೆ ಇಟ್ರಾಕೊನಜೋಲ್‌ನಂಥ ಮಾತ್ರೆ. ನಾಯಿಯ ತೂಕ ನೋಡಿ ಪ್ರಮಾಣ ಹೇಳುವುದು ವೈದ್ಯರೇ. ಗಬ್ಬದ ನಾಯಿಯಾದರೆ ಮೊದಲೇ ತಿಳಿಸಿ. ಕೂದಲು ಚಿಗುರಿತೆಂದು ಅರ್ಧಕ್ಕೆ ಬಿಟ್ಟರೆ ಮತ್ತೆ ಮರುಕಳಿಸುತ್ತದೆ. ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

ಉದುರಿದ ಕೂದಲಿನಲ್ಲಿ ಬೀಜಕಣ ವರ್ಷಕ್ಕೂ ಮೀರಿ ಜೀವಂತ ಇರಬಲ್ಲದು. ಹಾಸಿದ ಹಳೇ ಗೋಣಿ ಸುಟ್ಟುಬಿಡಿ. ಗೂಡನ್ನು ಸೋಪಿನಲ್ಲಿ ತಿಕ್ಕಿ ತೊಳೆದು, ಆಮೇಲೆ ನೀರು ಬೆರೆಸಿದ ಬ್ಲೀಚ್ ದ್ರಾವಣ ಬಳಿಯಿರಿ. ಪೂರಾ ಒಣಗಿದ ಮೇಲೆಯೇ ನಾಯಿಯನ್ನು ಒಳಗೆ ಬಿಡಿ. ಗುಣವಾಗುವ ತನಕ ಹಟ್ಟಿಯ ಹುಲ್ಲಿನಲ್ಲಿ ಮಲಗಲು ಬಿಡಬೇಡಿ. ಮನೆಯ ಬೆಕ್ಕನ್ನೂ ಜೊತೆಗೆ ತೋರಿಸಿ. ಮೈಯಲ್ಲಿ ಒಂದೂ ಕಲೆ ಕಾಣದೆ ರೋಗ ಹೊತ್ತು ತಿರುಗುವ ಬೆಕ್ಕುಗಳುಂಟು.